ಮನೆಯಲ್ಲಿ ಹಳೆ ಸಂತರ ಎಚಿಂಗ್ ಇದ್ದರೆ: ನೋಡುವುದು ಹೇಗೆ, ಮಳೆಯಿಂದ ಉಳಿಸುವುದು ಹೇಗೆ

ಮೇ ಕೊನೆಗೆ ಮೋಡ ಕಟ್ಟಿತು ಅಂದರೆ ನಾನು ಗೋಡೆಯಿಂದ ಇಳಿಸುವ ಮೊದಲ ಫ್ರೇಮ್ ನಮ್ಮ ಅಜ್ಜಿಯ ಸಂತ ಸೆಬಾಸ್ಟಿಯನ್. ವಿರಾಜಪೇಟೆಯ ಮನೆಯಲ್ಲಿ ಜಪಮಾಲೆ ಹೇಳುವ ಕೋಣೆಯ ಗೋಡೆಯಲ್ಲಿ ಅದು ನನಗೆ ನೆನಪಿರುವಷ್ಟು ವರ್ಷದಿಂದ ಇದೆ. ಕಪ್ಪು ಗೆರೆ, ಹಳದಿ ತಿರುಗಿದ ಕಾಗದ, ದೂರದಲ್ಲಿ ಕಂಬಕ್ಕೆ ಕಟ್ಟಿದ ಒಬ್ಬ ಹುಡುಗ, ಅವನಿಗೆ ಗುರಿಯಿಟ್ಟ ಬಿಲ್ಲುಗಾರರು.

ಇಂಥ ಚಿತ್ರ ಕೊಡಗಿನಲ್ಲಿ ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಸಿಗುತ್ತದೆ. 1792ರಲ್ಲಿ ದೊಡ್ಡವೀರರಾಜೇಂದ್ರ ವಿರಾಜಪೇಟೆಯಲ್ಲಿ ಕ್ರೈಸ್ತರಿಗೆ ನೆಲೆ ಕೊಟ್ಟ, ಸಂತ ಅನ್ನಮ್ಮನ ಚರ್ಚ್ ಶುರುವಾಯಿತು, ಪಾದ್ರಿಗಳು ಬಂದರು, ಆಮೇಲೆ ಕಾಫಿ ತೋಟ ಮಾಡಲು ಇಂಗ್ಲಿಷರೂ ಬಂದರು. ಅವರ ಪೆಟ್ಟಿಗೆಗಳಲ್ಲಿ ಪುಸ್ತಕ, ಪ್ರಾರ್ಥನೆಯ ಕಾರ್ಡು, ಚಿತ್ರ ಎಲ್ಲಾ ಬಂತು. ಬಂಗಲೆ ಖಾಲಿ ಮಾಡುವಾಗ ಅದರಲ್ಲಿ ಸ್ವಲ್ಪ ಗುಜರಿಗೆ ಹೋಯಿತು, ಸ್ವಲ್ಪ ನಮ್ಮಂಥವರ ಕೈಗೆ ಬಂತು. ನಿಮ್ಮ ಕೈಗೂ ಒಂದು ಬಂದಿದ್ದರೆ ಈ ಬರಹ ನಿಮಗಾಗಿ. ಅದು ಎಚಿಂಗ್ ಇರಬಹುದು, ಅಂದರೆ ತಾಮ್ರದ ತಗಡಿನಲ್ಲಿ ಆಸಿಡ್‌ನಿಂದ ಗೆರೆ ಮಾಡಿ ಕಾಗದಕ್ಕೆ ಒತ್ತಿದ ಚಿತ್ರ.

ಮೊದಲನೆಯದು, ಅದನ್ನು ಒರೆಸಬೇಡಿ. ಒದ್ದೆ ಬಟ್ಟೆ ಬೇಡ, ಬ್ರೆಡ್ ತುಂಡು ಬೇಡ, ರಬ್ಬರ್ ಬೇಡ. ಗಾಜಿನ ಹೊರಗಿನ ಧೂಳು ತೆಗೆಯಿರಿ, ಅಷ್ಟು ಸಾಕು. ಚಿತ್ರ ಏನು ಅಂತ ಗೊತ್ತಾಗುವ ಮೊದಲೇ ತೊಳೆಯಲು ಹೋಗಿ ಹಾಳು ಮಾಡಿದವರೇ ಜಾಸ್ತಿ.

ಎರಡನೆಯದು, ಒಂದು ಲೂಪ್ ತಗೊಳ್ಳಿ. ಅಕ್ಕಸಾಲಿಗರು ಕಣ್ಣಿಗೆ ಹಿಡಿದುಕೊಳ್ಳುತ್ತಾರಲ್ಲ, ಅದೇ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವಂಥದ್ದು. ಬೆಳಿಗ್ಗೆ ಕಿಟಕಿ ಪಕ್ಕ ಕೂತು ಚಿತ್ರದಲ್ಲಿ ನೆರಳು ಇರುವ ಒಂದು ಜಾಗ ನೋಡಿ. ಸಾಲು ಸಾಲಾಗಿ ಒಂದೇ ಅಳತೆಯ ಚುಕ್ಕೆಗಳು ಕಂಡರೆ ಅದು ಫೋಟೋದಿಂದ ಅಚ್ಚು ಮಾಡಿದ್ದು, 1880ರ ದಶಕದಿಂದ ಈಚೆಗೆ ಪುಸ್ತಕಗಳಲ್ಲಿ ಬರತೊಡಗಿದ ಬಗೆ. ನಮ್ಮ ಅಜ್ಜಿಯ ಸೆಬಾಸ್ಟಿಯನ್ ಹಾಗೇ. ಯಾವುದೋ ಪುಸ್ತಕದ ಹಾಳೆ. ಅದು ಗೊತ್ತಾದ ದಿನ ನನಗೆ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಹಾಳೆ ನೋಡಿದ್ದಕ್ಕೇ ಮೂಲ ಚಿತ್ರ ಹುಡುಕಿದೆ, ಅದು ಝಾಕ್ ಕಾಲೋ ಎಂಬ ಫ್ರೆಂಚ್ ಕಲಾವಿದ 1631-32ರ ಸುಮಾರಿಗೆ ಮಾಡಿದ್ದು ಅಂತ ತಿಳಿಯಿತು. ಆಮೇಲೆ ಈ ಹುಚ್ಚು ಬಿಟ್ಟಿಲ್ಲ.

ಚುಕ್ಕೆ ಇಲ್ಲ, ಬರೀ ಗೆರೆ ಇದೆ ಅಂದರೆ ಮುಂದೆ ಓದಿ. ಇಲ್ಲಿ ಎಚಿಂಗ್ ಹೇಗೆ ಮಾಡುತ್ತಾರೆ ಅಂತ ತಿಳಿದರೆ ನೋಡುವುದು ಸುಲಭ. ನುಣುಪಾದ ತಾಮ್ರದ ತಗಡಿನ ಮೇಲೆ ಮೇಣ, ರಾಳ ಬೆರೆಸಿದ ತೆಳು ಪದರ ಹಚ್ಚುತ್ತಾರೆ. ಗೆರೆ ಚೆನ್ನಾಗಿ ಕಾಣಲಿ ಅಂತ ಅದಕ್ಕೆ ಮೇಣದಬತ್ತಿಯ ಹೊಗೆ ಹಿಡಿದು ಕಪ್ಪು ಮಾಡುತ್ತಾರೆ. ಸೂಜಿಯಲ್ಲಿ ಆ ಪದರದ ಮೇಲೆ ಚಿತ್ರ ಬಿಡಿಸುತ್ತಾರೆ. ಸೂಜಿ ಹೋದಲ್ಲಿ ತಾಮ್ರ ಬಯಲಾಗುತ್ತದೆ. ಆಮೇಲೆ ನೈಟ್ರಿಕ್ ಆಸಿಡ್ ಹೊಯ್ದರೆ ಬಯಲಾದ ಕಡೆ ಮಾತ್ರ ಅದು ತಾಮ್ರವನ್ನು ತಿಂದು ಗುಳಿ ಮಾಡುತ್ತದೆ. ತೆಳು ಗೆರೆ ಬೇಕಾದ ಜಾಗವನ್ನು ಸ್ವಲ್ಪ ಹೊತ್ತಿಗೇ ವಾರ್ನಿಷ್ ಹಚ್ಚಿ ಮುಚ್ಚುತ್ತಾರೆ, ಉಳಿದದ್ದನ್ನು ಮತ್ತೆ ಆಸಿಡ್‌ಗೆ ಬಿಡುತ್ತಾರೆ, ಅದು ಇನ್ನೂ ಆಳವಾಗಿ ಕಪ್ಪಾಗಿ ಬರುತ್ತದೆ. ದೂರದ ಬೆಟ್ಟ ತೆಳುವಾಗಿ, ಹತ್ತಿರದ ಮನುಷ್ಯ ದಟ್ಟವಾಗಿ ಕಾಣುವುದರ ಹಿಂದಿನ ಕೆಲಸ ಇದೇ. ಕೊನೆಗೆ ಪದರ ತೆಗೆದು, ಗುಳಿಗಳಲ್ಲಿ ಇಂಕು ತುಂಬಿ, ಮೇಲಿನ ಇಂಕು ಒರೆಸಿ, ನೆನೆಸಿದ ಕಾಗದ ಇಟ್ಟು ಪ್ರೆಸ್‌ನಲ್ಲಿ ಒತ್ತುತ್ತಾರೆ.

ಎನ್‌ಗ್ರೇವಿಂಗ್ ಬೇರೆ. ಅಲ್ಲಿ ಆಸಿಡ್ ಇಲ್ಲ, ಉಳಿಯಂಥ ಒಂದು ಉಪಕರಣದಿಂದ ತಾಮ್ರವನ್ನು ನೇರವಾಗಿ ಕೊರೆಯುತ್ತಾರೆ. ಈ ಎರಡರ ವ್ಯತ್ಯಾಸ ಗೆರೆಯ ತುದಿಯಲ್ಲಿದೆ. ಕೊರೆದ ಗೆರೆ ಚೂಪಾಗಿ ಶುರುವಾಗಿ, ನಡುವೆ ಉಬ್ಬಿ, ಮತ್ತೆ ಚೂಪಾಗಿ ಮುಗಿಯುತ್ತದೆ, ಭತ್ತದ ಕಾಳಿನ ಹಾಗೆ. ಎಚಿಂಗ್‌ನ ಗೆರೆ ಶುರುವಿನಿಂದ ಕೊನೆವರೆಗೆ ಹೆಚ್ಚುಕಮ್ಮಿ ಒಂದೇ ದಪ್ಪ, ತುದಿ ಮೊಂಡು, ಪೆನ್ನಲ್ಲಿ ಸರಸರ ಬರೆದ ಹಾಗೆ ಸಡಿಲವಾಗಿರುತ್ತದೆ. ಕೊರೆಯುವ ಕಲೆಯ ತುತ್ತತುದಿ ನೋಡಬೇಕಾದರೆ ಫ್ರೆಂಚ್ ಕಲಾವಿದ ಕ್ಲೋಡ್ ಮೆಲ್ಲಾನ್ 1649ರಲ್ಲಿ ಮಾಡಿದ ಸಂತ ವೆರೋನಿಕಾಳ ವಸ್ತ್ರದ ಚಿತ್ರ ನೋಡಿ, ಯೇಸುವಿನ ಮುಖ ಒರೆಸಿದಾಗ ಆ ಮುಖವೇ ಮೂಡಿತು ಅಂತ ಹೇಳುವ ಬಟ್ಟೆ ಅದು. ಯೇಸುವಿನ ಮೂಗಿನ ತುದಿಯಲ್ಲಿ ಶುರುವಾದ ಒಂದೇ ಒಂದು ಗೆರೆ ಸುತ್ತುತ್ತಾ ಸುತ್ತುತ್ತಾ ಇಡೀ ಮುಖ ಆಗಿದೆ. ಗೆರೆ ದಪ್ಪವಾದ ಕಡೆ ನೆರಳು, ತೆಳುವಾದ ಕಡೆ ಬೆಳಕು. ಅದು ಎಚಿಂಗ್ ಅಲ್ಲ, ಆದರೆ ಅದನ್ನು ಒಮ್ಮೆ ಕಣ್ತುಂಬ ನೋಡಿದರೆ ಆಮೇಲೆ ಎರಡನ್ನೂ ಬೇರೆ ಮಾಡಲು ಕಷ್ಟವಾಗುವುದಿಲ್ಲ.

ಒಂದು ತೊಡಕು ಇದೆ. ಕಾಲೋ ಎಶೋಪ್ ಅಂತ ಒಂದು ಸೂಜಿ ಬಳಸುತ್ತಿದ್ದ, ಅದರ ತುದಿಯನ್ನು ಓರೆಯಾಗಿ ಕತ್ತರಿಸಿರುತ್ತಾರೆ, ಬೆರಳಲ್ಲಿ ತಿರುಗಿಸಿದರೆ ಎಚಿಂಗ್‌ನ ಗೆರೆಯೂ ಕೊರೆದದ್ದರ ಹಾಗೆ ಉಬ್ಬಿ ಇಳಿಯುತ್ತದೆ. ಮೆತ್ತನೆ ಮೇಣದ ಬದಲು ತಂತಿವಾದ್ಯ ಮಾಡುವವರ ಗಟ್ಟಿ ವಾರ್ನಿಷ್ ಹಚ್ಚುತ್ತಿದ್ದ. ಹಾಗಾಗಿ ಗೆರೆ ಚೊಕ್ಕಟ. ಈ ಕೆಲಸವನ್ನೆಲ್ಲಾ ಇನ್ನೊಬ್ಬ ಫ್ರೆಂಚ್ ಕಲಾವಿದ ಅಬ್ರಹಾಂ ಬೋಸ್ 1645ರಲ್ಲಿ ಒಂದು ಪುಸ್ತಕವಾಗಿ ಬರೆದಿಟ್ಟ. ಅದಕ್ಕೇ ಒಂದು ಗೆರೆ ನೋಡಿ ತೀರ್ಮಾನ ಮಾಡಬೇಡಿ. ಗಿಡ, ಮೋಡ, ಬಟ್ಟೆಯ ಮಡಿಕೆ, ಮೂರೂ ಕಡೆ ನೋಡಿ.

ನನ್ನ ಹತ್ತಿರ ಅಂಗೈಯಗಲದ ಒಂದು ಸಂತ ಲಾರೆನ್ಸ್ ಇದ್ದಾನೆ. ಸಿದ್ದಾಪುರದ ಕಡೆ ಒಂದು ಬಂಗಲೆಯಿಂದ ಹಳೆ ಪುಸ್ತಕದ ಕಟ್ಟು ತಂದಾಗ ಒಂದರೊಳಗೆ ಸಿಕ್ಕಿದ. ಮಾಡಿದವರ ಹೆಸರಿಲ್ಲ. ಲೂಪ್ ಹಿಡಿದರೆ ಅವನ ಅಂಗಿಯ ಮಡಿಕೆಯಲ್ಲಿ ಗೆರೆಗಳು ಮೊಂಡು ತುದಿಯಲ್ಲಿ ಥಟ್ಟನೆ ನಿಲ್ಲುತ್ತವೆ. ಆಕಾಶದಲ್ಲಿ ಯಾರೂ ಬರೆಯದ ಐದಾರು ಚುಕ್ಕೆಗಳಿವೆ. ಅದು ಕೊಳೆ ಅಂದುಕೊಂಡಿದ್ದೆ. ಅಲ್ಲ, ಮೇಣದ ಪದರ ಅಲ್ಲಿ ಬಿಟ್ಟುಹೋಗಿ ಆಸಿಡ್ ಒಳಗೆ ನುಗ್ಗಿದ ಗುರುತು. ಎಷ್ಟೋ ವರ್ಷದ ಹಿಂದೆ ಯಾರದೋ ಕೈಯಲ್ಲಿ ಆದ ಸಣ್ಣ ತಪ್ಪು ಕಣ್ಣೆದುರು ಇದೆ. ನನಗೆ ಆ ಐದಾರು ಚುಕ್ಕೆ ಅಂದರೆ ಸಂತನ ಮುಖಕ್ಕಿಂತ ಪ್ರೀತಿ.

ಟಾರ್ಚ್ ಅನ್ನು ಕಾಗದದ ಪಕ್ಕದಿಂದ ಅಡ್ಡವಾಗಿ ಹಿಡಿದು ನೋಡಿ. ಚಿತ್ರದ ಸುತ್ತ ತಗಡು ಒತ್ತಿದ ಚೌಕಾಕಾರದ ತಗ್ಗು ಕಾಣಬೇಕು. ದಟ್ಟ ಗೆರೆಗಳಲ್ಲಿ ಇಂಕು ಕೂದಲೆಳೆಯಷ್ಟು ಮೇಲೆದ್ದಿರುವುದೂ ಕಾಣುತ್ತದೆ. ಬೆರಳಾಡಿಸಿ ನೋಡಬೇಡಿ. ತಗ್ಗು ಇದ್ದ ಮಾತ್ರಕ್ಕೆ ಹಳೆಯದು ಅಂತಲ್ಲ, ಅದನ್ನು ಬೇಕಂತಲೇ ಒತ್ತಿ ಮಾಡಿದ ನಕಲುಗಳೂ ಇವೆ. ತಗ್ಗು ಇಲ್ಲದಿದ್ದರೂ ಬೇಸರ ಬೇಡ, ಅಂಚನ್ನು ಯಾರೋ ಕತ್ತರಿಸಿರಬಹುದು.

ಆಮೇಲೆ ಕಾಗದ. ಫ್ರೇಮ್‌ನಿಂದ ಸುಲಭವಾಗಿ ಹೊರಬರುತ್ತದೆ ಅಂದರೆ ಮಾತ್ರ ತೆಗೆದು ಕಿಟಕಿ ಬೆಳಕಿಗೆ ಹಿಡಿಯಿರಿ. ಹಳೆ ಕಾಗದ ಬಟ್ಟೆ ಚಿಂದಿಯಿಂದ ಮಾಡಿದ್ದು, ತಂತಿಯ ಜರಡಿಯ ಗುರುತು ಅದರಲ್ಲಿ ಉಳಿದಿರುತ್ತದೆ: ಹತ್ತಿರ ಹತ್ತಿರ ಸಣ್ಣ ಗೆರೆಗಳು, ಅವಕ್ಕೆ ಅಡ್ಡಲಾಗಿ ಎರಡು ಎರಡೂವರೆ ಸೆಂಟಿಮೀಟರಿಗೊಂದು ಗೆರೆ, ಕೆಲವೊಮ್ಮೆ ನಡುವೆ ಕಾಗದ ಮಾಡಿದವರ ಗುರುತು. ಗೆರೆಯೇ ಇಲ್ಲದೆ ನುಣ್ಣಗಿದ್ದರೆ ಆ ಪ್ರತಿ 1750ರ ದಶಕಕ್ಕಿಂತ ಹಿಂದಿನದಲ್ಲ, ಆ ಬಗೆಯ ಕಾಗದ ಯುರೋಪಿನಲ್ಲಿ ಬಳಕೆಗೆ ಬಂದದ್ದೇ ಆಗ. ಇಲ್ಲಿ ಹೇಳುವ ಚಿತ್ರಗಳು ಬರೋಕ್ ಎಂಬ ಕಲಾಶೈಲಿಯ ಕಾಲದವು, ಅಂದರೆ ಸುಮಾರು 1600ರಿಂದ 1750, ಅಂಥ ಕಾಗದ ಬರುವ ಮೊದಲಿನವು. ಹಾಗಂತ ಚಿತ್ರವೇ ನಕಲಿ ಅನ್ನಬೇಡಿ. ತಾಮ್ರದ ತಗಡು ಕಲಾವಿದ ತೀರಿಹೋದ ಮೇಲೂ ಉಳಿಯುತ್ತದೆ, ಅದರಿಂದ ನೂರು ವರ್ಷ ಬಿಟ್ಟು ಅಚ್ಚು ಹಾಕಿದವರಿದ್ದಾರೆ. ಕಾಲೋನ ಎಷ್ಟೋ ತಗಡುಗಳು ಅವನ ಊರು ನಾನ್ಸಿಯಲ್ಲಿ ಇವತ್ತಿಗೂ ಇವೆ.

ಕೆಳಗಿನ ಸಣ್ಣ ಅಕ್ಷರ ಬಿಡಬೇಡಿ. ಲ್ಯಾಟಿನ್‌ನಲ್ಲಿ ಮೊಟಕಾಗಿ ಬರೆದಿರುತ್ತಾರೆ. ಪಿಂಕ್ಸಿಟ್ ಅಂದರೆ ಮೂಲ ವರ್ಣಚಿತ್ರ ಬರೆದವನು, ಇನ್ವೆನಿಟ್ ಅಂದರೆ ಚಿತ್ರ ಕಲ್ಪಿಸಿದವನು, ಸ್ಕಲ್ಪ್ಸಿಟ್ ಅಂದರೆ ತಗಡಿನಲ್ಲಿ ಕೊರೆದವನು, ಫೆಸಿಟ್ ಅಂದರೆ ಮಾಡಿದವನು, ಎಕ್ಸ್‌ಕುಡಿಟ್ ಅಂದರೆ ಅಚ್ಚು ಹಾಕಿಸಿ ಮಾರಿದವನು. ದೊಡ್ಡ ಹೆಸರು ಪಿಂಕ್ಸಿಟ್ ಪಕ್ಕದಲ್ಲಿದ್ದರೆ ಆ ದೊಡ್ಡ ಕಲಾವಿದ ಈ ತಗಡನ್ನು ಮುಟ್ಟಿರಬೇಕಾಗಿಲ್ಲ. ಇದು ಗೊತ್ತಿಲ್ಲದೆ ಜನ ಮೋಸ ಹೋಗುತ್ತಾರೆ.

ಇನ್ನು, ಇವರು ಯಾರು? ಬಿಲ್ಲು ಕಂಡರೆ ರಾಮ, ಕೊಳಲು ಕಂಡರೆ ಕೃಷ್ಣ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಲ್ವಾ, ಇಲ್ಲೂ ಹಾಗೇ, ಮುಖ ನೋಡಬೇಡಿ, ಕೈ ನೋಡಿ, ಕಾಲ ಬುಡ ನೋಡಿ. ಮೊದಲು ಗರಿ ಹುಡುಕಿ. ಗರಿಗಳ ಭಾನುವಾರ ಚರ್ಚಿನಲ್ಲಿ ಹಿಡಿಯುತ್ತೇವಲ್ಲ, ಅಂಥದ್ದೇ ಒಂದು ಗರಿ ಕೈಯಲ್ಲಿದ್ದರೆ ಅಥವಾ ದೇವದೂತ ಮೇಲಿನಿಂದ ತರುತ್ತಿದ್ದರೆ ಅವರು ರಕ್ತಸಾಕ್ಷಿ, ನಂಬಿಕೆಗಾಗಿ ಪ್ರಾಣ ಕೊಟ್ಟವರು. ಕಬ್ಬಿಣದ ಸರಳಿನ ಕಾವಲಿ ಇದ್ದರೆ ಲಾರೆನ್ಸ್, ಅವನನ್ನು ಅದರ ಮೇಲೆ ಸುಟ್ಟರು ಅಂತ ಕಥೆ. ಮುರಿದ ಚಕ್ರ ಇದ್ದರೆ ಅಲೆಕ್ಸಾಂಡ್ರಿಯದ ಕ್ಯಾಥರೀನ್. ತಟ್ಟೆಯಲ್ಲಿ ಎರಡು ಕಣ್ಣಿದ್ದರೆ ಲೂಸಿ. ಇಕ್ಕಳದಲ್ಲಿ ಹಲ್ಲು ಹಿಡಿದಿದ್ದರೆ ಅಪೊಲೋನಿಯಾ, ಹಲ್ಲುನೋವು ಬಂದವರು ಅವಳಿಗೆ ಬೇಡಿಕೊಳ್ಳುತ್ತಾರೆ. ಕುರಿಮರಿ ಇದ್ದರೆ ಆಗ್ನೆಸ್. ಓರೆ ಶಿಲುಬೆ ಆಂಡ್ರೂ, ಬೀಗದಕೈ ಪೇತ್ರ, ಕತ್ತಿ ಪೌಲ. ತೊಡೆಯ ಹುಣ್ಣು ತೋರಿಸುತ್ತಾ ಪಕ್ಕದಲ್ಲಿ ನಾಯಿ ಇಟ್ಟುಕೊಂಡವನು ರೋಕ್, ಪ್ಲೇಗ್ ಬಂದಾಗ ಅವನನ್ನೂ ಸೆಬಾಸ್ಟಿಯನ್ನನನ್ನೂ ಒಟ್ಟಿಗೆ ಬೇಡುತ್ತಿದ್ದರು. ಸಿಂಹ, ಬುರುಡೆ, ಪುಸ್ತಕ ಮೂರೂ ಇದ್ದರೆ ಜೆರೋಮ್. ಅವನು ರಕ್ತಸಾಕ್ಷಿ ಅಲ್ಲ, ಬೈಬಲ್ಲನ್ನು ಲ್ಯಾಟಿನ್ನಿಗೆ ತಂದವನು, ಅದಕ್ಕೇ ಕೈಯಲ್ಲಿ ಗರಿ ಇರುವುದಿಲ್ಲ. ಎರಡು ಗುರುತು ಸೇರಿದರೆ ಮಾತ್ರ ಹೆಸರು ಹೇಳಿ, ಒಂದೇ ಕತ್ತಿ ಎಷ್ಟೋ ಸಂತರ ಕೈಯಲ್ಲಿರುತ್ತದೆ.

ಇಷ್ಟೊಂದು ನೋವು ಯಾಕೆ ಬರೆದರು ಅಂತ ನಮ್ಮ ಅಮ್ಮ ಕೇಳಿದ್ದರು. 1563ರಲ್ಲಿ ಟ್ರೆಂಟ್ ನಗರದ ಧರ್ಮಸಭೆ, ಸಂತರ ಚಿತ್ರಗಳು ಜನಕ್ಕೆ ನಂಬಿಕೆ ಕಲಿಸಬೇಕು ಅಂತ ಹೇಳಿತು. ಓದಲು ಬಾರದವರಿಗೂ ಮುಟ್ಟಬೇಕು, ಮನಸ್ಸು ಕರಗಬೇಕು. ದೊಡ್ಡ ವರ್ಣಚಿತ್ರ ಒಂದು ಚರ್ಚಿನಲ್ಲಿ ಮಾತ್ರ ಇರುತ್ತದೆ, ಎಚಿಂಗ್ ನೂರಾರು ಪ್ರತಿಯಾಗಿ ಊರೂರಿಗೆ ಹೋಗುತ್ತದೆ. ಅದಕ್ಕೇ ಇವು ಇಷ್ಟು ಸಣ್ಣ, ಇಷ್ಟು ತೀವ್ರ.

ಆದರೆ ನೋವನ್ನು ಎಲ್ಲರೂ ಒಂದೇ ಥರ ತೋರಿಸಲಿಲ್ಲ, ಇದನ್ನು ಮಾತ್ರ ನಿಧಾನವಾಗಿ ನೋಡಿ. ಹುಸೇಪೆ ದೆ ರಿಬೇರ ಸ್ಪೇನಿನವನು, ನೇಪಲ್ಸ್‌ನಲ್ಲಿದ್ದ. 1624ರಲ್ಲಿ ಸಂತ ಬಾರ್ತಲೋಮಿಯನ ಎಚಿಂಗ್ ಮಾಡಿದ. ಸಂತನನ್ನು ಮರಕ್ಕೆ ಕಟ್ಟಿ ತೋಳಿನ ಚರ್ಮ ಸುಲಿಯುತ್ತಿದ್ದಾರೆ, ಅದೂ ನಿಮ್ಮ ಮೂಗಿನೆದುರು. ಮೊದಲ ಸಲ ನೋಡಿದಾಗ ನಾನು ಪಕ್ಕಕ್ಕಿಟ್ಟುಬಿಟ್ಟೆ. ಎರಡನೇ ಸಲ ಲೂಪ್ ಹಾಕಿ ಮೈ ನೋಡಿ, ಅಲ್ಲಿ ಉದ್ದ ಗೆರೆ ಕಡಿಮೆ, ಸೂಜಿ ಮೊನೆಯ ಸಣ್ಣ ಸಣ್ಣ ಚುಕ್ಕೆಗಳೇ ಜಾಸ್ತಿ, ಮುದುಕನ ಮೆತ್ತಗಿನ ಚರ್ಮ ಹಾಗೆ ಬಂದಿದೆ. (ಈ ಚುಕ್ಕೆ ಫೋಟೋ ಅಚ್ಚಿನ ಚುಕ್ಕೆಯಲ್ಲ, ಇವು ಒಂದರ ಹಾಗೆ ಇನ್ನೊಂದಿಲ್ಲ.) ಕಾಲೋ ಪೂರ್ತಿ ಬೇರೆ. ಅವನ ಸೆಬಾಸ್ಟಿಯನ್ ಒಂದು ದೊಡ್ಡ ಬಯಲಿನ ನಡುವೆ ಬೆರಳುಗುರಿನಷ್ಟೂ ಇಲ್ಲ, ಮುಂದೆಲ್ಲಾ ಬಿಲ್ಲುಗಾರರು, ನೋಡಲು ಬಂದ ಜನ, ಪಾಳುಬಿದ್ದ ಕಟ್ಟಡ. ಗಾಳಿಯಲ್ಲಿ ಹೋಗುತ್ತಿರುವ ಬಾಣಗಳನ್ನು ನಾನು ಎಷ್ಟೋ ವರ್ಷ ಕಾಗದದ ಗೀರು ಅಂದುಕೊಂಡಿದ್ದೆ. ಸಂತನನ್ನು ಹುಡುಕಬೇಕು. ಅಷ್ಟು ಜನರ ನಡುವೆ ಅವನು ಎಷ್ಟು ಒಂಟಿ ಅಂತ ಹುಡುಕುವಾಗಲೇ ಗೊತ್ತಾಗುತ್ತದೆ. ಡಚ್ ಕಲಾವಿದ ರೆಂಬ್ರಾಂಟ್ 1635ರಲ್ಲಿ ಮಾಡಿದ ಸಂತ ಸ್ತೆಫಾನನ ಕಲ್ಲೇಟಿನ ಚಿತ್ರ ಹತ್ತು ಸೆಂಟಿಮೀಟರ್ ಕೂಡ ಇಲ್ಲ. ಅದರಲ್ಲಿ ಒಬ್ಬ ಎರಡೂ ಕೈಯಲ್ಲಿ ಕಲ್ಲೆತ್ತಿದ್ದಾನೆ, ಇನ್ನೂ ಬಿಟ್ಟಿಲ್ಲ. ನೋಡುವವರ ಉಸಿರೂ ಅಲ್ಲೇ ನಿಲ್ಲುತ್ತದೆ.

ನಮಗೆ ಹತ್ತಿರದ ಒಂದು ಚಿತ್ರವೂ ಇದೆ. 1597ರ ಫೆಬ್ರವರಿ 5ರಂದು ಜಪಾನಿನ ನಾಗಸಾಕಿಯಲ್ಲಿ 26 ಜನರನ್ನು ಶಿಲುಬೆಗೆ ಹಾಕಿದರು. ಅವರಲ್ಲಿ ಒಬ್ಬ ಮುಂಬೈ ಹತ್ತಿರದ ವಸಯಿಯಲ್ಲಿ ಹುಟ್ಟಿದ ಗೊನ್ಸಾಲೊ ಗಾರ್ಸಿಯಾ. 1627ರಲ್ಲಿ ಅವರನ್ನು ಪೋಪ್ ಧನ್ಯರೆಂದು ಸಾರಿದರು, 1862ರಲ್ಲಿ ಸಂತರೆಂದು. ಆ 26ರಲ್ಲಿ ಫ್ರಾನ್ಸಿಸ್ಕನ್ ಎಂಬ ಸನ್ಯಾಸಿ ಸಂಘದ ಗುಂಪಿಗೆ ಸೇರಿದ 23 ಜನರನ್ನು ಕಾಲೋ ಒಂದು ಎಚಿಂಗ್‌ನಲ್ಲಿ ಶಿಲುಬೆಗಳ ಸಾಲಾಗಿ ತೋರಿಸಿದ್ದಾನೆ, ಗಾರ್ಸಿಯಾ ಅವರಲ್ಲಿ ಸೇರಿದ್ದಾನೆ. ನಾನ್ಸಿಯಲ್ಲಿ ಕೂತ ಒಬ್ಬ ನಮ್ಮ ಪಶ್ಚಿಮ ಕರಾವಳಿಯ ಒಬ್ಬ ಮನುಷ್ಯನನ್ನು ಬರೆದ ಅನ್ನುವುದು ನನಗೆ ಈಗಲೂ ಮೈ ಜುಮ್ಮೆನ್ನಿಸುತ್ತದೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತಮ್ಮಲ್ಲಿರುವ ಇಂಥ ಎಷ್ಟೋ ಎಚಿಂಗ್‌ಗಳನ್ನು ದೊಡ್ಡ ಅಳತೆಯಲ್ಲಿ ಪುಕ್ಕಟೆ ನೋಡಲು ಇಟ್ಟಿವೆ. ನಿಮ್ಮದನ್ನು ಅವುಗಳ ಪಕ್ಕ ಇಟ್ಟು ಗೆರೆಗೆ ಗೆರೆ ಹೋಲಿಸಿ. ಎಡ ಬಲ ತಿರುಗಿದ್ದರೆ ನಿಮ್ಮದು ಬಹುಶಃ ಬೇರೆಯವರು ನೋಡಿ ಮಾಡಿದ ಪ್ರತಿ, ಅಚ್ಚು ಹಾಕಿದಾಗ ತಗಡಿನ ಚಿತ್ರ ಉಲ್ಟಾ ಬರುತ್ತದಲ್ಲ, ಅದಕ್ಕೆ.

ಈಗ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚಪ್ಪಲಿ, ಬೆಲ್ಟ್, ಬೀರುವಿನ ಒಳಗಿನ ಕೋಟಿಗೂ ಬೂಷ್ಟು ಹಿಡಿಯುತ್ತದೆ, ಕಾಗದ ಬಿಡುತ್ತದೆಯೇ? ಗಾಳಿಯ ತೇವ ನೂರಕ್ಕೆ 65 ದಾಟಿದರೆ ಬೂಷ್ಟು ಏಳಲು ಶುರು, ಕಾಗದಕ್ಕೆ 50ರ ಆಸುಪಾಸು ಒಳ್ಳೆಯದು. ತೇವ ತೋರಿಸುವ ಸಣ್ಣ ಮೀಟರ್ ಒಂದನ್ನು ಮನೆಯಲ್ಲಿಡಿ.

ಫ್ರೇಮ್ ಅನ್ನು ಮೇ ಮುಗಿಯುವ ಮೊದಲು ಗೋಡೆಯಿಂದ ಇಳಿಸಿ. ಮಳೆ ಹೊಡೆಯುವ ಹೊರಗೋಡೆಯಲ್ಲಂತೂ ಯಾವಾಗಲೂ ಬೇಡ. ಒಲೆ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಅಂತ ಅಲ್ಲಿ ಇಡುವವರಿದ್ದಾರೆ, ದಯವಿಟ್ಟು ಬೇಡ, ಹೊಗೆಯ ಜಿಡ್ಡು ಕಾಗದದಿಂದ ಹೋಗುವುದಿಲ್ಲ. ಬಿಸಿಲಿಗೂ ಒಣಹಾಕಬೇಡಿ. ಚಿತ್ರವನ್ನು ಆಸಿಡ್ ಇಲ್ಲದ ಕಾಗದದ ಮಡಿಕೆಯಲ್ಲಿಟ್ಟು, ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಲಗಿಸಿ. ಡಬ್ಬಿಯ ಮೂಲೆಯಲ್ಲಿ, ಚಿತ್ರಕ್ಕೆ ತಾಗದ ಹಾಗೆ, ಸಿಲಿಕಾ ಜೆಲ್ ಇಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಹೀರಿ ಹೀರಿ ಸಾಕಾಗಿದೆ ಅಂತ ಅರ್ಥ, ಹೊಸದು ಹಾಕಿ. ಮುಖ್ಯ ಮಾತು: ಡಬ್ಬಿ ಮುಚ್ಚುವ ದಿನ ಬಿಸಿಲಿರಬೇಕು. ಮಳೆ ದಿನ ಮುಚ್ಚಿದರೆ ತೇವವನ್ನೇ ಒಳಗೆ ಕೂಡಿಹಾಕಿದ ಹಾಗೆ.

ಬೂಷ್ಟು ಕಂಡರೆ ಗಾಬರಿಯಾಗಿ ಉಜ್ಜಬೇಡಿ, ಹಸಿ ಬೂಷ್ಟು ಉಜ್ಜಿದರೆ ಕಾಗದದೊಳಗೆ ಇಳಿಯುತ್ತದೆ. ಉಳಿದ ಕಾಗದದಿಂದ ಬೇರೆ ಮಾಡಿ, ಫ್ಯಾನ್ ನೇರ ಬಡಿಯದ ಒಣ ಕೋಣೆಯಲ್ಲಿಡಿ. ಪೂರ್ತಿ ಒಣಗಿ ಪುಡಿಯಾದ ಮೇಲೆ ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಜಗಲಿಗೆ ತಂದು ಮೆತ್ತನೆ ಕುಂಚದಿಂದ ಹೊರಕ್ಕೆ ತಳ್ಳಿ. ಕಂದು ಕಲೆ ಉಳಿದರೆ ಉಳಿಯಲಿ. ಬ್ಲೀಚ್ ಹಾಕಿ ಬೆಳ್ಳಗೆ ಮಾಡಿದ ಕಾಗದ ಕೆಲವು ವರ್ಷಕ್ಕೆ ಪುಡಿಪುಡಿಯಾಗುತ್ತದೆ.

ಫ್ರೇಮ್ ಹಾಕಿಸುವಾಗ ಪಕ್ಕದಲ್ಲೇ ನಿಂತು ಮಾಡಿಸಿ. ನನ್ನ ಲಾರೆನ್ಸ್‌ಗೆ ಒಂದು ಅಂಗಡಿಯಲ್ಲಿ ಫ್ರೇಮ್ ಹಾಕಿಸಿದ್ದೆ, ನಾನು ಹೇಳಲಿಲ್ಲ, ಅವರು ಕೇಳಲಿಲ್ಲ, ಗಾಜನ್ನು ಚಿತ್ರದ ಮೇಲೆ ನೇರ ಕೂರಿಸಿದರು. ಒಂದೇ ಮಳೆಗಾಲಕ್ಕೆ ಕಾಗದ ಗಾಜಿಗೆ ಅಂಟಿತು. ನಾನು ಮೆಲ್ಲಗೆ ಎಳೆದೆ. ಮೇಲಿನ ದೇವದೂತನ ರೆಕ್ಕೆಯ ತುದಿ ಗಾಜಿನಲ್ಲೇ ಉಳಿಯಿತು. ಆ ಗಾಜಿನ ಚೂರು ಈಗಲೂ ಇಟ್ಟುಕೊಂಡಿದ್ದೇನೆ. ನಿಮಗೆ ಹಾಗಾದರೆ ಎಳೆಯಬೇಡಿ, ಗಾಜಿನ ಸಮೇತ ಬೆಂಗಳೂರಿನ ಇಂಟ್ಯಾಕ್ ಸಂರಕ್ಷಣಾ ಕೇಂದ್ರದಂಥ ಕಡೆ ತೋರಿಸಿ.

ಗಾಜು ಮತ್ತು ಕಾಗದದ ನಡುವೆ ದಪ್ಪ ಮೌಂಟ್ ಬೋರ್ಡ್, ಅಂದರೆ ಚಿತ್ರ ಕಾಣುವಷ್ಟು ನಡುವೆ ಕಿಟಕಿಯ ಹಾಗೆ ಕತ್ತರಿಸಿದ ರಟ್ಟು, ಇರಬೇಕು, ಅದೂ ಆಸಿಡ್ ಇಲ್ಲದ್ದು. ಸೆಲ್ಲೋಟೇಪ್, ಗೋಂದು ಯಾವುದೂ ಬೇಡ. ಮೈದಾ ಅಂಟೂ ಬೇಡ, ಅದನ್ನು ತಿನ್ನಲು ಬೆಳ್ಳಿಹುಳ ಬರುತ್ತದೆ. ಮೇಲಿನ ಅಂಚಿನ ಹಿಂದೆ ಎರಡು ಕಡೆ ಮಾತ್ರ ಜಪಾನಿ ಕಾಗದದ ಸಣ್ಣ ತುಂಡು, ಗೋಧಿಯ ಬರೀ ಗಂಜಿಪುಡಿಯಿಂದ ಕಾಯಿಸಿದ ಅಂಟು, ಅಷ್ಟೇ. ಕೆಳಗೆ ಬಿಟ್ಟಿರಲಿ, ಕಾಗದ ತೇವಕ್ಕೆ ಹಿಗ್ಗಿ ಕುಗ್ಗುತ್ತದೆ, ಜಾಗ ಬೇಕು. ಫ್ರೇಮ್‌ನ ಹಿಂದೆ ನಾಲ್ಕು ಮೂಲೆಗೂ ಬಾಟಲಿ ಬಿರಡೆಯ ಬಿಲ್ಲೆ ಅಂಟಿಸಿದರೆ ಗೋಡೆಗೂ ಅದಕ್ಕೂ ನಡುವೆ ಗಾಳಿ ಆಡುತ್ತದೆ.

ಬೆಲೆ ಎಷ್ಟು ಬರುತ್ತೆ ಅಂತ ಕೇಳುವವರಿಗೆ: ಹೆಸರಿಲ್ಲದ, ಅಂಚು ಕತ್ತರಿಸಿದ, ತಗಡು ಸವೆದ ಮೇಲೆ ತೆಗೆದ ಪ್ರತಿಗೆ ದೊಡ್ಡ ದುಡ್ಡು ಬರುವುದಿಲ್ಲ. ಗೆರೆ ಗರಿಗರಿಯಾಗಿ, ನೆರಳಿನಲ್ಲೂ ಒಂದೊಂದು ಬಿಡಿಯಾಗಿ ಕಂಡರೆ ಅದು ಮೊದಮೊದಲ ಪ್ರತಿ ಇರಬಹುದು, ತಿಳಿದವರಿಗೆ ತೋರಿಸದೆ ಕೊಡಬೇಡಿ.

ದೀಪಾವಳಿ ಹೊತ್ತಿಗೆ ಮಳೆ ಕಡಿಮೆಯಾಗಿ ಒಂದು ವಾರ ಚೆನ್ನಾಗಿ ಬಿಸಿಲು ಬಿದ್ದ ಮೇಲೆ ಡಬ್ಬಿ ತೆಗೆಯಿರಿ. ಮೊದಲು ಮೂಸಿ ನೋಡಿ, ಹಸಿ ಮಣ್ಣಿನ ವಾಸನೆ ಬಂದರೆ ಎಲ್ಲೋ ಬೂಷ್ಟು ಇದೆ. ಹಾಳೆಯ ಹಿಂಭಾಗದ ಕೆಳಮೂಲೆಯಲ್ಲಿ ಮೆತ್ತನೆ ಪೆನ್ಸಿಲ್‌ನಿಂದ ಒತ್ತದೆ ಬರೆದಿಡಿ: ಯಾವ ಸಂತ, ಯಾರಿಂದ ಬಂತು, ಯಾವ ಮನೆಯಲ್ಲಿತ್ತು. ಪೆನ್ನು ಬೇಡ, ಇಂಕು ಮುಂದಕ್ಕೆ ಹಾಯುತ್ತದೆ. ಅಜ್ಜಿಯ ಸೆಬಾಸ್ಟಿಯನ್ ಹಿಂದೆ ನಾನು ಅಜ್ಜಿಯ ಹೆಸರನ್ನೂ ಬರೆದಿದ್ದೇನೆ. ಜನವರಿ 20, ಸೆಬಾಸ್ಟಿಯನ್ನನ ಹಬ್ಬದ ಹೊತ್ತಿಗೆ ಅದು ಮತ್ತೆ ಗೋಡೆ ಮೇಲಿರುತ್ತದೆ.